ಗಾಳಿಯೊಳಗಿನ ನೀರು: ಸಂಪೀಡಿತ ಗಾಳಿಯ ತೇವ ನಿವಾರಣೆ ಮತ್ತು ರೆಫ್ರಿಜರೇಟೆಡ್ ಡ್ರೈಯರ್

ಕಾರ್ಖಾನೆಗೆ ವಿದ್ಯುತ್ತಿನ ಬಿಲ್ಲು ತಿಂಗಳು ತಿಂಗಳೂ ಬರುತ್ತದೆ. ನೀರಿನ ಬಿಲ್ಲೂ ಬರುತ್ತದೆ. ಗಾಳಿಗೆ ಮಾತ್ರ ಬಿಲ್ಲಿಲ್ಲ. ಬಯಲಿನಿಂದ ಪುಕ್ಕಟೆಯಾಗಿ ಎಳೆದುಕೊಂಡ ಗಾಳಿಯನ್ನು ಕಂಪ್ರೆಸರಿನಲ್ಲಿ ಒತ್ತಿ ಕೊಳವೆಗೆ ಬಿಟ್ಟರೆ ಕೆಲಸ ಮುಗಿಯಿತೆಂಬ ಭಾವನೆ ಸಣ್ಣ ಉದ್ದಿಮೆದಾರರಲ್ಲಿ ಸಾಮಾನ್ಯವಾಗಿದೆ. ಆ ಗಾಳಿಯ ಜೊತೆಯಲ್ಲಿ ನೀರೂ ಪುಕ್ಕಟೆಯಾಗಿಯೇ ಬಂದಿರುತ್ತದೆ ಎಂಬುದು ಗೊತ್ತಾಗುವುದು ತಡವಾಗಿ: ಪೌಡರ್ ಕೋಟಿಂಗ್ ಮುಗಿದ ತಗಡಿನ ಮೇಲೆ ಸೂಜಿಮೊನೆಯಂಥ ತೂತುಗಳು ಕಾಣಿಸಿಕೊಂಡಾಗ, ಸಿ.ಎನ್.ಸಿ. ಯಂತ್ರದ ಸೊಲೆನಾಯ್ಡ್ ವಾಲ್ವ್ ತುಕ್ಕು ಹಿಡಿದು ಅಂಟಿಕೊಂಡಾಗ, ಅಥವಾ ಸ್ಪ್ರೇ ಗನ್ನಿನ ತುದಿಯಿಂದ ಬಣ್ಣದ ಬದಲು ಮೊದಲು ಎರಡು ಹನಿ ನೀರು ಚಿಮ್ಮಿದಾಗ.

ಬೆಂಗಳೂರಿನ ಹೊರವಲಯದ ಕೈಗಾರಿಕಾ ಪ್ರದೇಶಗಳಿಗೆ ಈ ವಿಷಯ ಹೆಚ್ಚು ಸಂಬಂಧಿಸಿದ್ದಾಗಿದೆ. ಜಾಲಹಳ್ಳಿಯಲ್ಲಿ 1953ರಲ್ಲಿ ಎಚ್.ಎಂ.ಟಿ. ಕಾರ್ಖಾನೆ ಆರಂಭವಾದ ಮೇಲೆ, ತುಮಕೂರು ರಸ್ತೆಯಲ್ಲಿ 1962ರಲ್ಲಿ ಕೇಂದ್ರೀಯ ಯಂತ್ರೋಪಕರಣ ಸಂಸ್ಥೆ ನೆಲೆಗೊಂಡ ಮೇಲೆ, ಈ ಸುತ್ತಿನಲ್ಲಿ ಯಂತ್ರಗೆಲಸದ ನುರಿತ ಕೈಗಳು ಬೆಳೆದವು; ಪೀಣ್ಯದ ಸಣ್ಣ ಘಟಕಗಳು ಅದೇ ಬೇರಿನಿಂದ ಚಿಗುರಿದವು. ಇಂದು ಅಲ್ಲಿನ ಲೇತು, ಮಿಲ್ಲಿಂಗ್, ಶಾಟ್ ಬ್ಲಾಸ್ಟಿಂಗ್, ಪೌಡರ್ ಕೋಟಿಂಗ್, ಪ್ಯಾಕೇಜಿಂಗ್ ಯಾವುದೂ ಸಂಪೀಡಿತ ಗಾಳಿಯಿಲ್ಲದೆ ನಡೆಯದು. 1978ರಲ್ಲಿ ಕಿಯೋನಿಕ್ಸ್ ಸಂಸ್ಥೆ ರೂಪಿಸಿದ ಎಲೆಕ್ಟ್ರಾನಿಕ್ ಸಿಟಿಯನ್ನು ಜನ ಈಗ ಸಾಫ್ಟ್‌ವೇರಿನ ಊರೆಂದು ಬಗೆದರೂ, ಸರ್ಕ್ಯೂಟ್ ಬೋರ್ಡುಗಳ ಮೇಲೆ ಬಿಡಿಭಾಗ ಜೋಡಿಸುವ ಯಂತ್ರಗಳಿಗೆ ಬೇಕಾಗುವುದೂ ಇದೇ ಗಾಳಿ. ಅಲ್ಲಿ ಒಂದು ಹನಿ ನೀರಿನ ಬೆಲೆ ಇನ್ನೂ ಹೆಚ್ಚು.

ನೀರು ಬರುವುದೆಲ್ಲಿಂದ?

ಗಾಳಿಯಲ್ಲಿ ನೀರಾವಿ ಸದಾ ಇರುತ್ತದೆ. ಒಂದು ಘನ ಮೀಟರ್ ಜಾಗದಲ್ಲಿ ಎಷ್ಟು ನೀರಾವಿ ಇರಬಲ್ಲದು ಎಂಬುದನ್ನು ನಿರ್ಧರಿಸುವುದು ಉಷ್ಣಾಂಶ ಮಾತ್ರ, ಒತ್ತಡವಲ್ಲ. 35 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 39.6 ಗ್ರಾಂ, 25 ಡಿಗ್ರಿಯಲ್ಲಿ 23 ಗ್ರಾಂ, 3 ಡಿಗ್ರಿಯಲ್ಲಿ ಆರು ಗ್ರಾಮಿಗೂ ಕಡಿಮೆ. ಈ ಮಿತಿಯನ್ನು ಮೀರಿದ ನೀರಾವಿ ಹನಿಯಾಗಲೇಬೇಕು. ಹಾಗೆ ಹನಿಗಟ್ಟಲು ಆರಂಭವಾಗುವ ಉಷ್ಣಾಂಶವೇ ಇಬ್ಬನಿ ಬಿಂದು.

ಕಂಪ್ರೆಸರ್ ಮಾಡುವ ಕೆಲಸವನ್ನು ಈ ದೃಷ್ಟಿಯಿಂದ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿನ ವಾತಾವರಣದ ಒತ್ತಡ ಸುಮಾರು 0.91 ಬಾರ್. ಗೇಜಿನಲ್ಲಿ 7 ಬಾರ್ ತೋರಿಸುವಾಗ ನಿಜವಾದ ಒತ್ತಡ 7.91 ಬಾರ್. ಅಂದರೆ ಹೆಚ್ಚುಕಡಿಮೆ ಎಂಟು ಮುಕ್ಕಾಲು ಘನ ಮೀಟರ್ ಬಯಲಿನ ಗಾಳಿಯನ್ನು ಒಂದು ಘನ ಮೀಟರಿನೊಳಗೆ ತುರುಕಿದಂತಾಯಿತು. ಚೆನ್ನೈನಲ್ಲಾಗಲೀ ಮಂಗಳೂರಿನಲ್ಲಾಗಲೀ ಇದು ಎಂಟರಷ್ಟೇ. ಗಾಳಿಯ ಜೊತೆಗಿದ್ದ ನೀರಾವಿಯೂ ಅಷ್ಟೇ ಪಟ್ಟು ದಟ್ಟವಾಗುತ್ತದೆ. ಆದರೆ ಒತ್ತುವಾಗ ಗಾಳಿ ಕಾಯುವುದರಿಂದ — ಸ್ಕ್ರೂ ಕಂಪ್ರೆಸರಿನಲ್ಲಿ ಎಂಬತ್ತು ತೊಂಬತ್ತು ಡಿಗ್ರಿಯವರೆಗೆ, ಪಿಸ್ಟನ್ ಕಂಪ್ರೆಸರಿನಲ್ಲಿ ಅದಕ್ಕೂ ಮೇಲೆ — ಆ ಕ್ಷಣದಲ್ಲಿ ಒಂದು ಹನಿಯೂ ಕಾಣಿಸದು. ತಣಿಯುತ್ತಾ ಹೋದಂತೆ ನೀರು ಬೀಳತೊಡಗುತ್ತದೆ. ಎಲ್ಲಿ ತಣಿಯುವುದೋ ಅಲ್ಲಿ ಬೀಳುವುದು. ಆಫ್ಟರ್ ಕೂಲರಿನಲ್ಲಿ ತಣಿದರೆ ಅಲ್ಲಿ, ಟ್ಯಾಂಕಿನಲ್ಲಿ ತಣಿದರೆ ಅಲ್ಲಿ, ಇವೆರಡರಲ್ಲೂ ತಣಿಯದೆ ಉಳಿದದ್ದು ಯಂತ್ರದ ಬಾಯಿಯಲ್ಲಿ. ಗಾಳಿಯ ತೇವ ನಿವಾರಣೆಯ ವಿದ್ಯೆಯೆಲ್ಲ, ನೀರು ನಮಗೆ ಬೇಕಾದ ಜಾಗದಲ್ಲಿ ಬೀಳುವಂತೆ ಮಾಡುವುದರಲ್ಲಿ ಅಡಗಿದೆ.

ಒಂದು ಲೆಕ್ಕ

ನಿಮಿಷಕ್ಕೆ 100 ಘನ ಅಡಿ, ಅಂದರೆ ಗಂಟೆಗೆ ಸುಮಾರು 170 ಘನ ಮೀಟರ್ ಗಾಳಿ ಎಳೆಯುವ ಕಂಪ್ರೆಸರನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಪೀಣ್ಯದ ಮಧ್ಯಮ ಗಾತ್ರದ ಶೆಡ್ಡಿನಲ್ಲಿ ಇದು ಅಪರೂಪವಲ್ಲ. ಆಗಸ್ಟ್ ತಿಂಗಳ ಜಡಿಮಳೆಯ ದಿನ. ಉಷ್ಣಾಂಶ 25 ಡಿಗ್ರಿ, ಸಾಪೇಕ್ಷ ಆರ್ದ್ರತೆ ಶೇಕಡಾ 80. ಗಾಳಿಯ ಪ್ರತಿ ಘನ ಮೀಟರಿನಲ್ಲಿ 18.4 ಗ್ರಾಂ ನೀರಾವಿ ಇರುತ್ತದೆ. ಕಂಪ್ರೆಸರ್ ಗಂಟೆಗೆ ಮೂರು ಲೀಟರಿಗೂ ಸ್ವಲ್ಪ ಹೆಚ್ಚು ನೀರನ್ನು ಆವಿಯ ರೂಪದಲ್ಲಿ ಒಳಗೆ ಎಳೆದುಕೊಳ್ಳುತ್ತದೆ. ಎಂಟು ಗಂಟೆಯ ಪಾಳಿಗೆ 25 ಲೀಟರ್. ಹೆಚ್ಚುಕಡಿಮೆ ಎರಡು ಕೊಡ ನೀರು.

ಆಫ್ಟರ್ ಕೂಲರ್ ಸರಿಯಾಗಿದ್ದು ಗಾಳಿಯನ್ನು 35 ಡಿಗ್ರಿಗೆ ಇಳಿಸಿದರೆ, ಗಂಟೆಗೆ 2.3 ಲೀಟರಿನಷ್ಟು ನೀರು ಅಲ್ಲಿಯೂ ಟ್ಯಾಂಕಿನಲ್ಲಿಯೂ ಬಿದ್ದುಹೋಗುತ್ತದೆ. ಇದನ್ನು ಕಂಡು ಅನೇಕರು ನೀರೆಲ್ಲ ಟ್ಯಾಂಕಿನಲ್ಲೇ ನಿಂತಿತೆಂದು ತಿಳಿಯುತ್ತಾರೆ. ಆದರೆ ಉಳಿದ 800 ಗ್ರಾಂ ಆವಿಯಾಗಿಯೇ ಮುಂದೆ ಸಾಗುತ್ತದೆ. ಮಳೆಯಲ್ಲಿ ನೆನೆದ ತಗಡಿನ ಚಾವಣಿಯ ಕೆಳಗೆ ಹಾದುಹೋಗುವ ಕೊಳವೆ 22 ಡಿಗ್ರಿಗೆ ತಣಿದಿದ್ದರೆ, ಆ ಕೊಳವೆಯಲ್ಲಿ ಗಂಟೆಗೆ 420 ಗ್ರಾಂ ನೀರು ಬೀಳುತ್ತದೆ. ಪಾಳಿಗೆ ಮೂರೂಕಾಲು ಲೀಟರಿಗೂ ಹೆಚ್ಚು. ಯಂತ್ರಗಳಿಗೆ ಹೋಗುವುದು ಇದೇ.

ಇಲ್ಲಿ ಎರಡು ತಪ್ಪು ನಂಬಿಕೆಗಳನ್ನು ಹೇಳಬೇಕು. ಯಂತ್ರದ ಪಕ್ಕದಲ್ಲಿ ಕೂರಿಸುವ ಫಿಲ್ಟರ್–ರೆಗ್ಯುಲೇಟರ್–ಲೂಬ್ರಿಕೇಟರಿನ ಗಾಜಿನ ಬಟ್ಟಲು ನೀರನ್ನು ಹಿಡಿಯುತ್ತದೆಂಬುದು ನಿಜ. ಆವಿಯನ್ನು ಅದು ಹಿಡಿಯಲಾರದು. ಅದನ್ನು ದಾಟಿದ ಆವಿ ಮುಂದಿನ ಸಿಲಿಂಡರಿನಲ್ಲಿ ಹನಿಯಾದರೆ ಅದರ ತಪ್ಪಲ್ಲ. ಎರಡನೆಯದು, ಟ್ಯಾಂಕು ದೊಡ್ಡದಾದರೆ ಗಾಳಿ ಒಣಗುತ್ತದೆಂಬುದು. ಟ್ಯಾಂಕು ಗಾಳಿಯನ್ನು ಸುತ್ತಲಿನ ಉಷ್ಣಾಂಶಕ್ಕಿಂತ ಕೆಳಗೆ ಇಳಿಸುವ ಸಾಧನವಲ್ಲ. ಆದ್ದರಿಂದ ಎಷ್ಟು ದೊಡ್ಡ ಟ್ಯಾಂಕಿನಿಂದ ಹೊರಬಂದ ಗಾಳಿಯೂ ಆವಿಯಿಂದ ತುಂಬಿಯೇ ಇರುತ್ತದೆ.

ಬೇಸಗೆಯ ಲೆಕ್ಕ ಇನ್ನೂ ಬೋಧಪ್ರದವಾದುದು. ಏಪ್ರಿಲ್ ತಿಂಗಳ ಮಧ್ಯಾಹ್ನ 34 ಡಿಗ್ರಿ, ಆರ್ದ್ರತೆ ಶೇಕಡಾ 30 ಎಂದಿಟ್ಟುಕೊಂಡರೆ ಒಳಬರುವ ನೀರಾವಿ ಗಂಟೆಗೆ 1.9 ಕಿಲೋ ಮಾತ್ರ. ಮಳೆಗಾಲದ ಮೂರರಲ್ಲಿ ಎರಡು ಪಾಲೂ ಇಲ್ಲ. ಆದರೆ ಸುತ್ತಲಿನ ಗಾಳಿಯೇ ಕಾದಿರುವುದರಿಂದ ಆಫ್ಟರ್ ಕೂಲರ್ ಗಾಳಿಯನ್ನು 44 ಡಿಗ್ರಿಗಿಂತ ಕೆಳಗೆ ಇಳಿಸಲಾರದು. ಆ ಉಷ್ಣಾಂಶದಲ್ಲಿ ಗಾಳಿ ಹೊತ್ತೊಯ್ಯಬಲ್ಲ ಆವಿ ಗಂಟೆಗೆ ಒಂದೂಕಾಲು ಕಿಲೋ. ಮಳೆಗಾಲದ 800 ಗ್ರಾಮಿಗೆ ಹೋಲಿಸಿದರೆ ಒಂದೂವರೆ ಪಟ್ಟು! ಮಳೆಗಾಲದಲ್ಲಿ ಟ್ಯಾಂಕು ತುಂಬುತ್ತದೆ. ಬೇಸಗೆಯಲ್ಲಿ ಟ್ಯಾಂಕಿನ ನೀರು ಕಡಿಮೆಯಾಗಿ ಕಂಡರೂ ಕೊಳವೆಗೆ ಹೋಗುವ ಆವಿ ಹೆಚ್ಚು. ಹವೆ ಒಣಗಿದೆಯೆಂದು ಬೇಸಗೆಯಲ್ಲಿ ಡ್ರೈಯರನ್ನು ಆರಿಸಿ ವಿದ್ಯುತ್ ಉಳಿಸುವವರು ಈ ಲೆಕ್ಕವನ್ನು ಒಮ್ಮೆ ನೋಡುವುದು ಒಳ್ಳೆಯದು.

ಡ್ರೈಯರ್ ಮಾಡುವ ಕೆಲಸ

ರೆಫ್ರಿಜರೇಟೆಡ್ ಡ್ರೈಯರಿನ ತತ್ತ್ವ ಮನೆಯ ಫ್ರಿಜ್ಜಿನದೇ. ಟ್ಯಾಂಕಿನಿಂದ ಬಂದ ಬೆಚ್ಚನೆಯ ಗಾಳಿ ಮೊದಲು ಒಂದು ಶಾಖ ವಿನಿಮಯಕವನ್ನು ಹೊಗುತ್ತದೆ. ಅಲ್ಲಿ ಡ್ರೈಯರಿನಿಂದ ಹೊರಹೋಗುತ್ತಿರುವ ತಣ್ಣನೆಯ ಗಾಳಿ ಅದರ ಪಕ್ಕದಲ್ಲೇ ಹರಿಯುತ್ತಿರುತ್ತದೆ. ಒಳಬರುವ ಗಾಳಿ ಅದಕ್ಕೆ ತನ್ನ ಶಾಖ ಕೊಟ್ಟು ಅರ್ಧ ತಣಿಯುತ್ತದೆ. ನಂತರ ಇವಾಪರೇಟರಿನಲ್ಲಿ ಶೀತಕ ಅನಿಲವು ಅದನ್ನು 3 ಡಿಗ್ರಿಯ ಸಮೀಪಕ್ಕೆ ತರುತ್ತದೆ. ಬಿದ್ದ ನೀರನ್ನು ಸೆಪರೇಟರ್ ಬೇರ್ಪಡಿಸಿ, ಸ್ವಯಂಚಾಲಿತ ಡ್ರೇನ್ ಹೊರಗೆ ಹಾಕುತ್ತದೆ. ಒಣಗಿದ ತಣ್ಣನೆಯ ಗಾಳಿ ಮತ್ತೆ ಮೊದಲಿನ ವಿನಿಮಯಕದ ಮೂಲಕವೇ ಹಾದು ಬೆಚ್ಚಗಾಗಿ ಹೊರಬರುತ್ತದೆ. ಹೀಗೆ ಬೆಚ್ಚಗೆ ಮಾಡುವುದರಿಂದ ಶೀತಕ ಯಂತ್ರದ ಹೊರೆ ತಗ್ಗುವುದಲ್ಲದೆ, ಡ್ರೈಯರಿನ ಮುಂದಿನ ಕೊಳವೆಯ ಹೊರಮೈ ಬೆವರುವುದೂ ತಪ್ಪುತ್ತದೆ.

3 ಡಿಗ್ರಿಗೆ ಏಕೆ ನಿಲ್ಲಿಸಬೇಕು? ಸೊನ್ನೆಯ ಹತ್ತಿರ ಹೋದರೆ ನೀರು ಮಂಜುಗಡ್ಡೆಯಾಗಿ ವಿನಿಮಯಕದ ದಾರಿಯನ್ನೇ ಮುಚ್ಚಿಬಿಡುತ್ತದೆ. ಯಂತ್ರದಲ್ಲಿರುವ ಹಾಟ್ ಗ್ಯಾಸ್ ಬೈಪಾಸ್ ವಾಲ್ವ್ ಗಾಳಿಯ ಬಳಕೆ ಕಡಿಮೆಯಾದಾಗ ಹೀಗಾಗದಂತೆ ಕಾಯುತ್ತದೆ. ಆದರೆ 3 ಡಿಗ್ರಿ ಸಾಕೆ ಎಂಬ ಪ್ರಶ್ನೆಗೆ ಬೆಂಗಳೂರಿನ ಹವೆಯೇ ಉತ್ತರ ಕೊಡುತ್ತದೆ. ಈ ನಗರದ ದಾಖಲೆಯ ಅತಿ ಕನಿಷ್ಠ ಉಷ್ಣಾಂಶ 7.8 ಡಿಗ್ರಿ; ಅದೂ 1884ರ ಜನವರಿಯಲ್ಲಿ. 3 ಡಿಗ್ರಿಯ ಇಬ್ಬನಿ ಬಿಂದುವಿನ ಗಾಳಿ ತುಂಬಿದ ಕೊಳವೆ ಇಲ್ಲಿನ ಬಯಲಿನಲ್ಲಿ ಇಡೀ ರಾತ್ರಿ ಇದ್ದರೂ ಅದರೊಳಗೆ ನೀರು ಕಟ್ಟುವ ಪ್ರಮೇಯವಿಲ್ಲ. ಮೇಲಿನ ಉದಾಹರಣೆಯಲ್ಲಿ ಡ್ರೈಯರನ್ನು ದಾಟಿ ಹೋಗುವ ಆವಿ ಗಂಟೆಗೆ 110 ಗ್ರಾಮಿನಷ್ಟು. ಅದು ಆವಿಯಾಗಿಯೇ ಉಳಿಯುತ್ತದೆ.

ಅಂತಾರಾಷ್ಟ್ರೀಯ ಮಾನಕ ಐ.ಎಸ್.ಓ. 8573ರ ಮೊದಲ ಭಾಗವು ಸಂಪೀಡಿತ ಗಾಳಿಯನ್ನು ದರ್ಜೆಗಳಾಗಿ ವಿಂಗಡಿಸಿದೆ. ನೀರಿನ ಮಟ್ಟಿಗೆ 3 ಡಿಗ್ರಿಯದು ನಾಲ್ಕನೆಯ ದರ್ಜೆ. ಮೈನಸ್ 40 ಡಿಗ್ರಿಯದು ಎರಡನೆಯದು. ಔಷಧಿಯ ಪುಡಿಗೆ ನೇರವಾಗಿ ತಾಗುವ ಗಾಳಿ, ಶೈತ್ಯಾಗಾರದೊಳಗೆ ಹಾಯುವ ಕೊಳವೆ, ತೇವ ಹೀರುವ ಸಾಮಗ್ರಿಯ ಸಾಗಣೆ ಇಂಥವಕ್ಕೆ ನಾಲ್ಕನೆಯ ದರ್ಜೆ ಸಾಲದು. ತೇವ ಹೀರುವ ಹರಳುಗಳನ್ನು ತುಂಬಿದ ಡೆಸಿಕ್ಯಾಂಟ್ ಡ್ರೈಯರ್ ಬೇಕು. ಆದರೆ ಬಿಸಿ ಬಳಸದ ಸಾದಾ ಡೆಸಿಕ್ಯಾಂಟ್ ಡ್ರೈಯರ್ ತನ್ನ ಹರಳುಗಳನ್ನು ಒಣಗಿಸಿಕೊಳ್ಳಲು ಒಣಗಿದ ಗಾಳಿಯಲ್ಲೇ ಶೇಕಡಾ 15ರಿಂದ 20ರಷ್ಟನ್ನು ಬಯಲಿಗೆ ಬಿಡುತ್ತದೆ. ಯಂತ್ರಗೆಲಸಕ್ಕೂ ಸಾಮಾನ್ಯ ಪೌಡರ್ ಕೋಟಿಂಗಿಗೂ ಇಂಥದನ್ನು ಕೊಳ್ಳುವುದು ಅನವಶ್ಯಕ ವೆಚ್ಚ.

ಕೊಳ್ಳುವಾಗ ಇನ್ನೊಂದು ಎಚ್ಚರ ಅಗತ್ಯ. 7 ಬಾರ್ ಒತ್ತಡದಲ್ಲಿ 3 ಡಿಗ್ರಿ ಇಬ್ಬನಿ ಬಿಂದುವಿರುವ ಗಾಳಿಯನ್ನು ಬಯಲಿಗೆ ಬಿಟ್ಟರೆ ಅದರ ಇಬ್ಬನಿ ಬಿಂದು ಮೈನಸ್ 22 ಡಿಗ್ರಿಯ ಸಮೀಪಕ್ಕೆ ಇಳಿಯುತ್ತದೆ. ಎರಡೂ ಒಂದೇ ಗಾಳಿ. ಮಾರಾಟ ಪತ್ರದಲ್ಲಿ ಮೈನಸ್ ಅಂಕಿ ಕಂಡರೆ ಅದು ಒತ್ತಡದಲ್ಲಿನ ಇಬ್ಬನಿ ಬಿಂದುವೋ ವಾತಾವರಣದ್ದೋ ಎಂದು ಬರಹದಲ್ಲಿ ಕೇಳಿಕೊಳ್ಳತಕ್ಕದ್ದು.

ಗಾತ್ರದ ಆಯ್ಕೆ

ಸಣ್ಣ ಘಟಕಗಳಲ್ಲಿ ಅತಿ ಹೆಚ್ಚು ತಪ್ಪಾಗುವುದು ಇಲ್ಲಿ. 100 ಸಿ.ಎಫ್.ಎಂ. ಕಂಪ್ರೆಸರಿಗೆ 100 ಸಿ.ಎಫ್.ಎಂ. ಡ್ರೈಯರ್ ಎಂಬ ಸರಳ ಗಣಿತ ಕೈಕೊಡುತ್ತದೆ. ಡ್ರೈಯರಿನ ಫಲಕದ ಮೇಲಿನ ಅಂಕಿ ಗೊತ್ತುಪಡಿಸಿದ ಸ್ಥಿತಿಗೆ ಮಾತ್ರ ಅನ್ವಯಿಸುತ್ತದೆ. ಐ.ಎಸ್.ಓ. 7183 ಮಾನಕದ ಒಂದು ಸ್ಥಿತಿಯಲ್ಲಿ ಒಳಬರುವ ಗಾಳಿ 35 ಡಿಗ್ರಿ, ಸುತ್ತಲಿನ ಹವೆ 25 ಡಿಗ್ರಿ, ಒತ್ತಡ 7 ಬಾರ್. ಯುರೋಪಿನ ಕಾರ್ಖಾನೆಗೆ ಇದು ಒಪ್ಪಬಹುದು. ತಗಡಿನ ಶೆಡ್ಡಿನ ಮೂಲೆಯಲ್ಲಿ, ಕಂಪ್ರೆಸರಿನ ಬಿಸಿಯುಸಿರಿನ ಎದುರಿಗೆ ನಿಂತಿರುವ ಡ್ರೈಯರಿಗೆ 40 ಡಿಗ್ರಿ ಹವೆ, 45 ಡಿಗ್ರಿ ಒಳಗಾಳಿ ಎಂಬುದು ಬೇಸಗೆಯ ದಿನನಿತ್ಯದ ಪಾಡು. 35 ಡಿಗ್ರಿಯಲ್ಲಿ 39.6 ಗ್ರಾಂ ಇದ್ದ ಆವಿ 45 ಡಿಗ್ರಿಯಲ್ಲಿ 65 ಗ್ರಾಮಿಗೆ ಏರುತ್ತದೆ. ಹತ್ತು ಡಿಗ್ರಿಗೆ ಹೊರೆ ಒಂದೂವರೆ ಪಟ್ಟಿಗೂ ಮೀರಿತು.

ತಯಾರಕರು ಇದಕ್ಕಾಗಿ ತಿದ್ದುಪಡಿ ಅಂಶಗಳ ಕೋಷ್ಟಕ ಕೊಡುತ್ತಾರೆ. ಕೋಷ್ಟಕದಲ್ಲಿ ಒಳಗಾಳಿಯ ಉಷ್ಣಾಂಶಕ್ಕೆ 0.7, ಸುತ್ತಲಿನ ಹವೆಗೆ 0.9 ಎಂದಿದ್ದರೆ ಎರಡನ್ನೂ ಗುಣಿಸಿದಾಗ 0.63 ಬರುತ್ತದೆ. 100ನ್ನು 0.63ರಿಂದ ಭಾಗಿಸಿದರೆ 159. ಅಂದರೆ ಈ ಶೆಡ್ಡಿಗೆ ಬೇಕಾದದ್ದು 160 ಸಿ.ಎಫ್.ಎಂ. ಡ್ರೈಯರ್. ಅಷ್ಟು ಹಣ ಹೂಡುವ ಮೊದಲು ಅಗ್ಗದ ದಾರಿಯೊಂದಿದೆ: ಕಂಪ್ರೆಸರ್ ಕೋಣೆಯ ಬಿಸಿಗಾಳಿಯನ್ನು ತಗಡಿನ ಡಕ್ಟಿನಿಂದ ಹೊರಗೆ ಹಾಕಿಸಿ, ಆಫ್ಟರ್ ಕೂಲರಿನ ರೆಕ್ಕೆಗಳನ್ನು ತೊಳೆಸಿ, ಒಳಗಾಳಿಯನ್ನು ಐದು ಡಿಗ್ರಿ ಇಳಿಸಿದರೆ ಬೇಕಾದ ಡ್ರೈಯರಿನ ಗಾತ್ರವೇ ಇಳಿಯುತ್ತದೆ. ಒಳಹೋಗುವ ಗಾಳಿ ತಂಪಾದಷ್ಟೂ ಕಂಪ್ರೆಸರಿನ ವಿದ್ಯುತ್ತೂ ಉಳಿಯುತ್ತದೆ. ಪ್ರತಿ ನಾಲ್ಕು ಡಿಗ್ರಿಗೆ ಸುಮಾರು ಶೇಕಡಾ ಒಂದರಷ್ಟು.

ಶೀತಕ ಅನಿಲ ಯಾವುದೆಂದೂ ಕೇಳಬೇಕು. ಓಝೋನ್ ಪದರಕ್ಕೆ ಹಾನಿ ಮಾಡುವ ಆರ್-22 ಅನಿಲದ ಬಳಕೆಯನ್ನು 1987ರ ಮಾಂಟ್ರಿಯಲ್ ಒಪ್ಪಂದದಂತೆ ಭಾರತವು 2030ರ ವೇಳೆಗೆ ಬಹುಪಾಲು ಕೈಬಿಡಬೇಕಾಗಿದೆ. ಅಗ್ಗಕ್ಕೆ ಸಿಕ್ಕಿತೆಂದು ಆರ್-22ರ ಹಳೆಯ ಡ್ರೈಯರನ್ನು ಕೊಂಡವರು ಮುಂದೆ ಅನಿಲ ತುಂಬಿಸಲು ಪರದಾಡಬೇಕಾದೀತು. ಆರ್-134ಎ, ಆರ್-407ಸಿ ಮೊದಲಾದವು ಓಝೋನಿಗೆ ಹಾನಿ ಮಾಡವಾದರೂ ಭೂಮಿಯ ತಾಪ ಹೆಚ್ಚಿಸುವಂಥವು. 2016ರ ಕಿಗಾಲಿ ತಿದ್ದುಪಡಿಯನ್ನು ಭಾರತ 2021ರಲ್ಲಿ ಒಪ್ಪಿರುವುದರಿಂದ ಅವುಗಳ ಇಳಿಕೆ 2032ರಿಂದ ಆರಂಭವಾಗಬೇಕಿದೆ. ಇಂದು ಕೊಂಡ ಯಂತ್ರದ ಆಯುಷ್ಯದ ಮಟ್ಟಿಗೆ ತೊಂದರೆಯಿರಲಾರದು.

ಖರ್ಚು ಎಲ್ಲಿ, ನಷ್ಟ ಎಲ್ಲಿ

100 ಸಿ.ಎಫ್.ಎಂ. ವರ್ಗದ ಡ್ರೈಯರ್ ಸುಮಾರು 0.7 ಕಿಲೋವಾಟ್ ವಿದ್ಯುತ್ ಬಳಸುತ್ತದೆಂದು ಹಿಡಿದರೆ, ದಿನಕ್ಕೆ ಎಂಟು ಗಂಟೆ, ತಿಂಗಳಿಗೆ 25 ದಿನಕ್ಕೆ 140 ಯೂನಿಟ್. ಯೂನಿಟ್ಟಿಗೆ 7 ರೂಪಾಯಿಯಂತೆ 980 ರೂಪಾಯಿ. ಈ ಸಾವಿರ ರೂಪಾಯಿಗೆ ಹಿಂಜರಿದು ಡ್ರೈಯರ್ ಬೇಡವೆನ್ನುವ ಘಟಕದಲ್ಲಿ ನಡೆಯುವುದೇನು? ನೀರಿನ ಕಾಟ ತಾಳಲಾರದೆ ಕೆಲಸಗಾರನು ಟ್ಯಾಂಕಿನ ಕೆಳಗಿನ ಡ್ರೇನ್ ನಲ್ಲಿಯನ್ನು ಸ್ವಲ್ಪ ತೆರೆದೇ ಬಿಟ್ಟಿರುತ್ತಾನೆ. ಅವನ ಮಟ್ಟಿಗೆ ಅದು ಜಾಣತನವೇ. ಆದರೆ 3 ಮಿಲಿಮೀಟರ್ ತೂತಿನಷ್ಟು ಸಂದಿಯಿಂದ 7 ಬಾರ್ ಒತ್ತಡದಲ್ಲಿ ಹೊರಹೋಗುವ ಗಾಳಿಯನ್ನು ತಯಾರಿಸಲು ಸುಮಾರು 3 ಕಿಲೋವಾಟ್ ಬೇಕು. ತಿಂಗಳಿಗೆ 600 ಯೂನಿಟ್, 4,200 ರೂಪಾಯಿ! ಡ್ರೈಯರಿನ ನಾಲ್ಕು ಪಟ್ಟಿಗೂ ಹೆಚ್ಚು. ಅಷ್ಟಾಗಿಯೂ ಗಾಳಿ ಒಣಗಿರುವುದಿಲ್ಲ.

ವಿದ್ಯುತ್ತಿಗಿಂತ ದೊಡ್ಡದು ಮಾಲು ತಿರಸ್ಕೃತವಾಗುವ ನಷ್ಟ. ಜಾಬ್‌ವರ್ಕ್ ಮಾಡುವ ಪೌಡರ್ ಕೋಟಿಂಗ್ ಘಟಕಕ್ಕೆ ಚದರಡಿಯ ಲೆಕ್ಕದಲ್ಲಿ ಸಿಗುವ ಲಾಭ ಅತ್ಯಲ್ಪ. ತೇವದ ಗಾಳಿಯಿಂದ ಪುಡಿ ಹಾಪರಿನಲ್ಲೇ ಗಂಟುಗಟ್ಟುತ್ತದೆ, ಗನ್ನಿನಿಂದ ಬಿಟ್ಟುಬಿಟ್ಟು ಬರುತ್ತದೆ, ಒಲೆಯಲ್ಲಿ ಬೇಯುವಾಗ ಸಿಕ್ಕಿಬಿದ್ದ ನೀರು ಆವಿಯಾಗಿ ಪದರವನ್ನು ಒಡೆದುಕೊಂಡು ಹೊರಬರುತ್ತದೆ. ಹೀಗೆ ಕೆಟ್ಟ ಮಾಲಿನ ಬಣ್ಣ ಸುಲಿದು, ತೊಳೆದು, ಮತ್ತೆ ಲೇಪಿಸಿ ಬೇಯಿಸುವ ಖರ್ಚನ್ನು ಮಾಲು ಕೊಟ್ಟವರು ಭರಿಸುವುದಿಲ್ಲ. ತಡವಾದದ್ದಕ್ಕೆ ಮಾತ್ರ ಕೇಳುತ್ತಾರೆ. ಅಂಥ ಎರಡು ಲಾಟು ಹಿಂದಿರುಗಿದರೆ ತಿಂಗಳ ದುಡಿಮೆಯೇ ಹೋಯಿತು. ದೋಷವನ್ನು ಪುಡಿಯ ಸರಬರಾಜುದಾರನ ಮೇಲೆ ಹೊರಿಸಿ ವರ್ಷಗಟ್ಟಲೆ ಪುಡಿ ಬದಲಾಯಿಸುತ್ತಾ ಹೋದವರು ಕಡಿಮೆಯಿಲ್ಲ. ಗಾಳಿಯನ್ನು ಪರೀಕ್ಷಿಸುವುದು ಬಹಳ ಸುಲಭ: ಬೆಳಗಿನ ಹೊತ್ತು ಬ್ಲೋ ಗನ್ನನ್ನು ಒಣಗಿದ ಕನ್ನಡಿಯ ಮೇಲೆ ಅರ್ಧ ನಿಮಿಷ ಹಿಡಿದರೆ ಹನಿಯೂ ಎಣ್ಣೆಯ ಜಿಡ್ಡೂ ತಾವೇ ಸಾಕ್ಷಿ ಹೇಳುತ್ತವೆ.

ಜೋಡಣೆ ಮತ್ತು ಪಾಲನೆ

ಕಂಪ್ರೆಸರ್, ಆಫ್ಟರ್ ಕೂಲರ್, ಟ್ಯಾಂಕು, ಪೂರ್ವ ಫಿಲ್ಟರ್, ಡ್ರೈಯರ್, ಎಣ್ಣೆ ಹಿಡಿಯುವ ನಯವಾದ ಫಿಲ್ಟರ್ — ಇದು ಸಾಮಾನ್ಯ ಕ್ರಮ. ಡ್ರೈಯರಿಗೆ ಬೈಪಾಸ್ ಕೊಳವೆ ಇರಬೇಕು. ಆದರೆ ಅದರ ವಾಲ್ವಿಗೆ ಬೀಗ ಹಾಕಿಸುವುದು ಲೇಸು. ರಿಪೇರಿಗೆಂದು ತೆರೆದ ಬೈಪಾಸನ್ನು ಮುಚ್ಚಲು ಮರೆತು, ಆರು ತಿಂಗಳು ಡ್ರೈಯರ್ ಬರಿದೇ ಓಡುವುದುಂಟು. ಮುಖ್ಯ ಕೊಳವೆ ನೂರಕ್ಕೆ ಒಂದರಂತೆ ಇಳಿಜಾರಾಗಿದ್ದು, ಯಂತ್ರಗಳಿಗೆ ಹೋಗುವ ಕವಲುಗಳನ್ನು ಅದರ ನೆತ್ತಿಯಿಂದ ತೆಗೆದು ಬಾಗಿಸಿ ಇಳಿಸಬೇಕು. ಹೊಟ್ಟೆಯಿಂದ ತೆಗೆದರೆ ನೀರೂ ತುಕ್ಕೂ ಮೊದಲು ಇಳಿಯುವುದು ಯಂತ್ರಕ್ಕೇ.

ಡ್ರೈಯರಿನ ದೊಡ್ಡ ದೌರ್ಬಲ್ಯವೆಂದರೆ ಅದು ಕೆಟ್ಟರೂ ಗಾಳಿ ನಿಲ್ಲುವುದಿಲ್ಲ. ಕಂಪ್ರೆಸರ್ ಕೆಟ್ಟರೆ ಐದು ನಿಮಿಷದಲ್ಲಿ ಕಾರ್ಖಾನೆಯೆಲ್ಲ ಕೂಗುತ್ತದೆ. ಡ್ರೈಯರ್ ಕೆಟ್ಟರೆ ಯಾರಿಗೂ ತಿಳಿಯದು. ತೇವದ ಗಾಳಿ ಅದರೊಳಗಿನಿಂದಲೇ ಹಾದು ಹೋಗುತ್ತಿರುತ್ತದೆ. ವಿದ್ಯುತ್ ಹೋಗಿ ಬಂದಾಗ ಕಂಪ್ರೆಸರನ್ನು ಚಾಲೂ ಮಾಡಿದವರು ಡ್ರೈಯರನ್ನು ಮರೆಯುವುದು ಪಾಳಿ ಬದಲಾಗುವ ಹೊತ್ತಿನಲ್ಲಿ ಸಹಜ. ಇಬ್ಬನಿ ಬಿಂದು ತೋರಿಸುವ ಮುಳ್ಳನ್ನು ದಿನಕ್ಕೆರಡು ಬಾರಿ ನೋಡಿ ಪುಸ್ತಕದಲ್ಲಿ ಬರೆಯುವ ಜವಾಬ್ದಾರಿ ಒಬ್ಬ ನಿರ್ದಿಷ್ಟ ಕೆಲಸಗಾರನಿಗೆ ಇರಬೇಕು. ಬೆಳಗ್ಗೆ ಕಂಪ್ರೆಸರಿಗಿಂತ ಐದು ಹತ್ತು ನಿಮಿಷ ಮುಂಚೆ ಡ್ರೈಯರನ್ನು ಓಡಿಸಿ ತಣಿಯಲು ಬಿಡಬೇಕು. ಆರಿಸಿದ ಕೂಡಲೇ ಮತ್ತೆ ಚಾಲೂ ಮಾಡದೆ ಕೆಲವು ನಿಮಿಷ ಕಾಯಬೇಕು. ಗ್ರೈಂಡಿಂಗ್ ಧೂಳು, ಗಾರ್ಮೆಂಟ್ ಘಟಕಗಳಲ್ಲಿ ಹತ್ತಿಯ ನಾರು, ಕಂಡೆನ್ಸರಿನ ರೆಕ್ಕೆಗಳನ್ನು ವಾರದೊಳಗೆ ಮುಚ್ಚುತ್ತವೆ. ವಾರಕ್ಕೊಮ್ಮೆ ಬ್ರಷ್ಷಿನಿಂದ ತೆಗೆಯಿಸಿದರೆ ಅರ್ಧ ರಿಪೇರಿಗಳು ತಪ್ಪುತ್ತವೆ. ಡ್ರೇನ್ ವಾಲ್ವಿನ ಪರೀಕ್ಷಾ ಗುಂಡಿಯನ್ನು ದಿನವೂ ಒತ್ತಿ ನೀರು ಬರುವುದನ್ನು ಕಣ್ಣಾರೆ ಕಾಣಬೇಕು. ಡ್ರೇನ್ ಕಟ್ಟಿಕೊಂಡರೆ ಬೇರ್ಪಟ್ಟ ನೀರು ಮತ್ತೆ ಗಾಳಿಯ ಜೊತೆಗೇ ಹೊರಡುತ್ತದೆ.

ಫಿಲ್ಟರುಗಳ ಎರಡು ಬದಿಯ ಒತ್ತಡದ ವ್ಯತ್ಯಾಸವನ್ನೂ ಗಮನಿಸತಕ್ಕದ್ದು. ಕಟ್ಟಿಕೊಂಡ ಫಿಲ್ಟರಿನ ನಷ್ಟವನ್ನು ತುಂಬಲು ಕಂಪ್ರೆಸರಿನ ಒತ್ತಡವನ್ನು ಒಂದು ಬಾರ್ ಏರಿಸಿದರೆ ವಿದ್ಯುತ್ ಖರ್ಚು ಶೇಕಡಾ ಆರು ಏಳರಷ್ಟು ಏರುತ್ತದೆ.

ಡ್ರೇನಿನಿಂದ ಬರುವ ನೀರು ಬರಿಯ ನೀರಲ್ಲ. ಎಣ್ಣೆ ಬಳಸುವ ಕಂಪ್ರೆಸರಿನಿಂದ ಬಂದದ್ದಾದರೆ ಅದು ಹಾಲಿನಂತೆ ಬೆಳ್ಳಗಿರುತ್ತದೆ. ಅದನ್ನು ಮಳೆನೀರಿನ ಚರಂಡಿಗೆ ಬಿಡಬಾರದು. ಎಣ್ಣೆ ಬೇರ್ಪಡಿಸುವ ಸಾಧನದಿಂದ ಹಾಯಿಸಿ, ಸಂಗ್ರಹವಾದ ಎಣ್ಣೆಯನ್ನು 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಂತೆ ಅಧಿಕೃತ ಸಂಸ್ಕರಣಾಗಾರರಿಗೆ ಒಪ್ಪಿಸಿ ರಸೀದಿ ಇಟ್ಟುಕೊಳ್ಳಬೇಕು.

ಹಳೆಯ ಕಬ್ಬಿಣದ ಕೊಳವೆಗೆ ಹೊಸದಾಗಿ ಡ್ರೈಯರ್ ಜೋಡಿಸಿದವರು ಮೊದಲ ಕೆಲವು ವಾರ ಫಲಿತಾಂಶ ಕಂಡು ನಿರಾಶರಾಗುವುದುಂಟು. ಕೊಳವೆಯ ತಗ್ಗುಗಳಲ್ಲಿ ವರ್ಷಗಳಿಂದ ನಿಂತ ನೀರು ಒಣಗಿದ ಗಾಳಿಗೆ ಮೆಲ್ಲಗೆ ಸೇರುತ್ತಿರುತ್ತದೆ; ಒಣಗಿದ ತುಕ್ಕು ಹಕ್ಕಳೆಯಾಗಿ ಉದುರಿ ಫಿಲ್ಟರುಗಳಿಗೆ ಬರುತ್ತದೆ. ಇದು ಡ್ರೈಯರಿನ ದೋಷವಲ್ಲ. ಜೋಡಿಸುವ ಮುನ್ನ ಭಾನುವಾರ ಒಂದು ದಿನ ಕೊಳವೆಯ ತುದಿಗಳನ್ನೆಲ್ಲ ತೆರೆದು ಊದಿಸಿ, ಮೊದಲ ತಿಂಗಳಿಗೆ ಒಂದು ಜೊತೆ ಹೆಚ್ಚುವರಿ ಫಿಲ್ಟರ್ ಎಲಿಮೆಂಟುಗಳನ್ನು ತರಿಸಿಟ್ಟುಕೊಳ್ಳುವುದು ಸೂಕ್ತ.